ಕರೆಂಟ್ ಬಿಲ್ ಅಂದಾಜಿಗೆ ಮೂರು ಲೆಕ್ಕ, ನನ್ನ ವೋಟು ನೇರ ಗೆರೆಗೆ

ದುಬಾರಿ ಇನ್ವರ್ಟರ್ ಫ್ರಿಡ್ಜ್ ತಂದಿದ್ದು ಒಳ್ಳೆಯದೇ ಆಯಿತು, ಬಿಲ್ ಅಂದುಕೊಂಡಷ್ಟೇ ಇಳಿದಿದೆ. ಕೊಳ್ಳುವ ಮೊದಲು ಮೂರು ಥರ ಲೆಕ್ಕ ಹಾಕಿ ನೋಡಿದ್ದೆ: ಸರಾಸರಿ ದರ, ನೇರ ಗೆರೆ, ಸ್ಲ್ಯಾಬ್ (ಬೇರೆ ಬೇರೆ ದರ ಇರುವ ಬಳಕೆಯ ಹಂತ) ಪ್ರಕಾರ ದರ ಬದಲಾದಲ್ಲೆಲ್ಲ ಬಾಗುವ ಮುರಿದ ಗೆರೆ. ನೆಚ್ಚಿದ್ದು ನೇರ ಗೆರೆಯನ್ನು.

ಸರಾಸರಿ ಅಂದರೆ ಬಿಲ್ ಮೊತ್ತವನ್ನು ಯೂನಿಟ್‌ನಿಂದ ಭಾಗಿಸುವುದು. ಸುಲಭ, ನಿಜ. ಆದರೆ ನಿಗದಿತ ಶುಲ್ಕವೂ ಅದರಲ್ಲೇ ಕಲಸಿಹೋಗುತ್ತದೆ. ಎಷ್ಟು ಉಳಿಸಿದರೂ ಆ ಶುಲ್ಕ ತಪ್ಪುವುದಿಲ್ಲ ಅಲ್ವಾ?

ನೇರ ಗೆರೆಗೆ ಎರಡು ಬಿಲ್ ಸಾಕು. ಬಿಲ್ = ದರ × ಯೂನಿಟ್ + ಸ್ಥಿರ ಮೊತ್ತ. ಲೆಕ್ಕಕ್ಕೆ 150 ಯೂನಿಟ್‌ಗೆ 850, 200ಕ್ಕೆ 1200 ಅಂದುಕೊಳ್ಳಿ. 50 ಯೂನಿಟ್‌ಗೆ 350 ಏರಿತು, ಅಂದರೆ ಗೆರೆಯ ಇಳಿಜಾರು, ಒಂದು ಯೂನಿಟ್‌ಗೆ ಏರುವ ಮೊತ್ತ, 7. ಸರಾಸರಿ ಲೆಕ್ಕ ಅದೇ 200 ಯೂನಿಟ್‌ಗೆ ದರ 6 ಅನ್ನುತ್ತದೆ. ಫ್ರಿಡ್ಜ್ ತಿಂಗಳಿಗೆ 25 ಯೂನಿಟ್ ಉಳಿಸಿದರೆ ನಿಜವಾಗಿ ಉಳಿಯುವುದು 175, ಸರಾಸರಿ ತೋರಿಸುವುದು 150. ಫ್ರಿಡ್ಜ್‌ಗೆ 4200 ಹೆಚ್ಚು ಕೊಟ್ಟಿದ್ದರೆ 24 ತಿಂಗಳಿಗೆ ವಸೂಲಾಗುತ್ತದೆ. ಸರಾಸರಿ ಪ್ರಕಾರ 28.

ತಲೆ ಕೆಡಿಸಿದ್ದು ಸ್ಥಿರ ಮೊತ್ತ. 7 × 200 ಅಂದರೆ 1400. ಬಿಲ್ ಇರುವುದು 1200. ಹಾಗಾದರೆ ಸ್ಥಿರ ಮೊತ್ತ ಮೈನಸ್ 200! ಮನೆಗೆ ಬೀಗ ಹಾಕಿಕೊಂಡು ಹೋದರೆ ಅವರೇ ನಮಗೆ 200 ಕೊಡಬೇಕು ಅಂದಂತಾಯಿತು. ಎಷ್ಟು ಸಲ ಕೂಡಿ ಕಳೆದರೂ ಅದೇ ಉತ್ತರ.

ಗುಟ್ಟಿರುವುದು ಸ್ಲ್ಯಾಬ್‌ನಲ್ಲಿ. ಈ ಲೆಕ್ಕದಲ್ಲಿ ನಿಗದಿತ ಶುಲ್ಕ 100, ಮೊದಲ 100 ಯೂನಿಟ್‌ಗೆ ದರ 4, ಆಮೇಲಿನದಕ್ಕೆ 7. ಮೊದಲ ನೂರಕ್ಕೆ ಯೂನಿಟ್‌ಗೆ 3ರಂತೆ 300 ಕಮ್ಮಿ ಕೊಟ್ಟಿದ್ದೇವೆ. ನಿಗದಿತ 100ರಲ್ಲಿ ಆ 300 ಕಳೆಯಿರಿ, ಮೈನಸ್ 200 ಬಂತು. ಗೆರೆ ತಪ್ಪಲ್ಲ, 100 ಯೂನಿಟ್‌ನ ಮೇಲೆ ಮಾತ್ರ ಸರಿ. ಸುಮ್ನೆ ಸೊನ್ನೆವರೆಗೆ ಎಳೆಯಬಾರದು ಅಷ್ಟೇ. ಎರಡೂ ಬಿಲ್ ಒಂದೇ ಸ್ಲ್ಯಾಬ್‌ನವಾಗಿರಬೇಕು. ಒಂದು 90 ಯೂನಿಟ್‌ದು, ಇನ್ನೊಂದು 200ರದು ಆದರೆ ಇಳಿಜಾರು 6.7ರ ಆಸುಪಾಸು ಬರುತ್ತದೆ. ಅದು ಯಾವ ಸ್ಲ್ಯಾಬ್‌ನ ದರವೂ ಅಲ್ಲ.

ತೆರಿಗೆ ಶೇಕಡಾವಾರು ಇದ್ದರೆ ಚಿಂತೆಯಿಲ್ಲ, ಇಳಿಜಾರು ಸ್ವಲ್ಪ ಕಡಿದಾಗುತ್ತದೆ, ಗೆರೆ ನೇರವೇ.

ಮುರಿದ ಗೆರೆ ಎಲ್ಲಕ್ಕಿಂತ ಕರಾರುವಾಕ್ಕು. ಆದರೆ ದರಪಟ್ಟಿ ಬದಲಾದಾಗಲೆಲ್ಲ ಕೂತು ತಿದ್ದಬೇಕು. ನನಗೆ ಅಷ್ಟು ತಾಳ್ಮೆ ಇಲ್ಲ. ನಮ್ಮ ಬಳಕೆ ಯಾವತ್ತೂ ಕೆಳಗಿನ ಸ್ಲ್ಯಾಬ್‌ಗೆ ಇಳಿಯುವುದೂ ಇಲ್ಲ, ಹಾಗಾಗಿ ಮೊಬೈಲ್ ಕ್ಯಾಲ್ಕುಲೇಟರ್ ಸಾಕು. ನಿಮ್ಮ ಬಳಕೆ ಸ್ಲ್ಯಾಬ್‌ನ ಗಡಿಯಲ್ಲೇ ಓಡಾಡುತ್ತಿದ್ದರೆ ಮುರಿದ ಗೆರೆಯೇ ಬೇಕು. ಗಡಿ ದಾಟಿದರೆ ಮೊದಲ ಯೂನಿಟ್‌ನಿಂದಲೇ ಜಾಸ್ತಿ ದರ ಹಾಕುವ ಪದ್ಧತಿ ಇದ್ದರಂತೂ ಗೆರೆ ಅಲ್ಲಿ ಒಮ್ಮೆಲೇ ಮೇಲಕ್ಕೆ ಜಿಗಿಯುತ್ತದೆ, ನನ್ನ ಲೆಕ್ಕ ಅಲ್ಲಿ ನಡೆಯುವುದಿಲ್ಲ.