ಡೋಮ್, ಜಿಮ್, ಸಭಾಂಗಣ: ಡ್ರಮ್ ಕೋರ್ ಕೇಳೋಕೆ ಎಲ್ಲಿ ಕೂರಬೇಕು?

ಮದುವೆ ಛತ್ರದಲ್ಲಿ ಓಲಗದವರ ಪಕ್ಕದಲ್ಲೇ ಕುರ್ಚಿ ಸಿಕ್ಕಿದವರಿಗೆ ನನ್ನ ಮಾತು ಬೇಗ ಅರ್ಥವಾಗುತ್ತದೆ. ಯಾರೋ ಕೈ ಎತ್ತಿ "ಗಟ್ಟಿಮೇಳ, ಗಟ್ಟಿಮೇಳ" ಅಂತಾರೆ. ಅಷ್ಟೇ. ಆಮೇಲೆ ಪಕ್ಕದವರ ತುಟಿ ಆಡೋದು ಕಾಣುತ್ತದೆ, ಮಾತು ಕೇಳಿಸಲ್ಲ. ತೇರಿನ ಮುಂದೆ, ಬೀದಿಯಲ್ಲಿ ನುಡಿಸುವ ವಾದ್ಯವನ್ನು ನಾಲ್ಕು ಗೋಡೆಯೊಳಗೆ ತಂದರೆ ಇನ್ನೇನಾಗುತ್ತೆ?

ಅಮೆರಿಕದ ಡ್ರಮ್ ಅಂಡ್ ಬ್ಯೂಗಲ್ ಕೋರ್‌ಗಳದ್ದೂ ಇದೇ ಕಥೆ. ಹಿತ್ತಾಳೆ ಕಹಳೆಗಳು, ಡ್ರಮ್‌ಗಳು, ಬಾವುಟ ತಿರುಗಿಸುವವರು. ಕೊಳಲು, ಕ್ಲಾರಿನೆಟ್ ಇಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ ಮಾಜಿ ಸೈನಿಕರ ಸಂಘಗಳು ಊರೂರಲ್ಲಿ ಇಂಥ ತಂಡ ಕಟ್ಟಿದವು. ಬಯಲಲ್ಲಿ ದೂರಕ್ಕೆ ಕೇಳಿಸಬೇಕು, ಅದೇ ಮುಖ್ಯ. ಈಗ ದೊಡ್ಡ ತಂಡಗಳಲ್ಲಿ 150ಕ್ಕಿಂತ ಜಾಸ್ತಿ ಹುಡುಗ ಹುಡುಗಿಯರು ಇರುತ್ತಾರೆ. 21–22 ವರ್ಷ ದಾಟಿದವರಿಗೆ ಅಲ್ಲಿ ಜಾಗವಿಲ್ಲ. ಬೇಸಿಗೆಯಿಡೀ ಬಸ್ಸಲ್ಲಿ ಊರು ಸುತ್ತುತ್ತಾರೆ, ಯಾವುದೋ ಶಾಲೆಯ ನೆಲದ ಮೇಲೆ ಮಲಗುತ್ತಾರೆ, ಸಂಜೆ ಫುಟ್‌ಬಾಲ್ ಮೈದಾನದಲ್ಲಿ ಹತ್ತು ಹನ್ನೆರಡು ನಿಮಿಷದ ಒಂದು ಪ್ರದರ್ಶನ ಕೊಡುತ್ತಾರೆ.

ನಾವಿರೋದು ಒಹಾಯೋದ ಕೊಲಂಬಸ್‌ನಲ್ಲಿ. ಮಗಳು ಹೈಸ್ಕೂಲ್ ಬ್ಯಾಂಡಿನಲ್ಲಿ ಮೆಲೋಫೋನ್ ನುಡಿಸುತ್ತಾಳೆ. ಫ್ರೆಂಚ್ ಹಾರ್ನ್‌ನ ಬಾಯಿ ಹಿಂದಕ್ಕೆ ತಿರುಗಿರುತ್ತೆ ಅಲ್ವಾ, ನಡೆದುಕೊಂಡು ನುಡಿಸೋರಿಗೆ ಅದು ಆಗಿಬರಲ್ಲ. ಅದಕ್ಕೇ ಮುಂದಕ್ಕೆ ಬಾಯಿರುವ ಮೆಲೋಫೋನ್. ಅವಳ ದೆಸೆಯಿಂದ ನನಗೂ ಈ ಹುಚ್ಚು ಹತ್ತಿತು. ಒಂಬತ್ತು ತಿಂಗಳಲ್ಲಿ ಛಾವಣಿ ಇರುವ ಮೂರು ಥರದ ಜಾಗದಲ್ಲಿ ಕೂತು ಕೇಳಿದ್ದೇನೆ. ಎರಡರಲ್ಲಿ ಮೊದಲು ತಪ್ಪು ಸೀಟಲ್ಲಿ ಕೂತಿದ್ದೆ, ಅದನ್ನೂ ಹೇಳುತ್ತೇನೆ.

ಮೊದಲು ಹೋಗಿದ್ದು ಡೋಮ್‌ಗೆ. 2024ರ ಆಗಸ್ಟ್, ಇಂಡಿಯಾನಾಪೊಲಿಸ್. ಡ್ರಮ್ ಕೋರ್ಸ್ ಇಂಟರ್‌ನ್ಯಾಷನಲ್ ಅನ್ನೋ ಸಂಸ್ಥೆ 1972ರಿಂದ ಈ ಚಾಂಪಿಯನ್‌ಶಿಪ್ ನಡೆಸುತ್ತಿದೆ. 2009ರಿಂದ ಫೈನಲ್ಸ್‌ಗೆ ಲೂಕಸ್ ಆಯಿಲ್ ಸ್ಟೇಡಿಯಂ ಮನೆ ಇದ್ದ ಹಾಗೆ. 60 ಸಾವಿರಕ್ಕೂ ಹೆಚ್ಚು ಸೀಟು, ಮೇಲೆ ತೆಗೆದು ಮುಚ್ಚುವ ಛಾವಣಿ. ಶನಿವಾರ ರಾತ್ರಿ ಹನ್ನೆರಡು ತಂಡ. ಆ ವರ್ಷ ಗೆದ್ದದ್ದು ನಮ್ಮ ಒಹಾಯೋದ ಕ್ಯಾಂಟನ್ ಊರಿನ ಬ್ಲೂಕೋಟ್ಸ್. ಹಾಗಾಗಿ ನಮ್ಮ ಸಾಲಿನಲ್ಲಿ ಗಲಾಟೆ ಸ್ವಲ್ಪ ಜಾಸ್ತಿನೇ ಇತ್ತು.

ಹಿಂದಿನ ದಿನದ ಸೆಮಿಫೈನಲ್ಸ್‌ಗೂ ಹೋಗಿದ್ದೆವು. ಹತ್ತಿರದಿಂದ ನೋಡೋಣ ಅಂತ ಕೆಳಗಿನ ಸಾಲು ಹಿಡಿದಿದ್ದೆ. ಸಿನಿಮಾ ಥಿಯೇಟರಿನಲ್ಲಿ ಗಾಂಧಿ ಕ್ಲಾಸ್‌ನಿಂದ ನೋಡಿದ ಹಾಗಾಯಿತು. ಕಾಣೋದೆಲ್ಲ ಕಾಲುಗಳು. ಹೆಚ್ಚಿನ ತೀರ್ಪುಗಾರರು ಮೇಲೆ ಪ್ರೆಸ್ ಬಾಕ್ಸಿನಲ್ಲಿ ಕೂತಿರುತ್ತಾರೆ, ಪ್ರದರ್ಶನ ಹೆಣೆಯೋದೂ ಅವರ ಕಣ್ಣಿಗೇ. ಮೈದಾನದಲ್ಲಿ ಬಿಡಿಸಿದ ರಂಗೋಲಿಯನ್ನು ನೆಲದ ಮಟ್ಟದಿಂದ ನೋಡಿದರೆ ಏನು ಕಾಣುತ್ತೆ ಹೇಳಿ. ಫೈನಲ್ಸ್ ರಾತ್ರಿ ಮೇಲಿನ ಮಹಡಿ, ಮೈದಾನದ ನಟ್ಟ ನಡುವಿನ ಐವತ್ತು ಗಜದ ಗೆರೆಯ ನೇರಕ್ಕೆ ಕೂತೆವು. ವೃತ್ತವೊಂದು ಬಿಚ್ಚಿಕೊಂಡು ಗೆರೆಯಾಗಿ, ಆ ಗೆರೆ ಹಾಗೇ ಮುಂದೆ ನುಗ್ಗಿ ಬರೋದನ್ನು ನೋಡಿ ಮಗಳು ನನ್ನ ಮೊಣಕೈ ಹಿಂಡಿಬಿಟ್ಟಳು. ಕಣ್ಣಿಗೆ ಡೋಮ್ ಕೊಟ್ಟಷ್ಟನ್ನು ಬೇರೆ ಯಾವುದೂ ಕೊಡಲಿಲ್ಲ.

ಕಿವಿಯ ಲೆಕ್ಕ ಬೇರೆ. ಮೈದಾನದ ಮುಂಭಾಗದಲ್ಲಿ ಮರಿಂಬಾ, ವೈಬ್ರಫೋನ್, ಟಿಂಪನಿ ಥರದ, ಒಂದೇ ಕಡೆ ನಿಂತು ಬಡಿಯುವ ವಾದ್ಯಗಳು ಇರುತ್ತವೆ. ಇದನ್ನು ಪಿಟ್ ಅಂತಾರೆ. ನಡೆದಾಡುತ್ತಾ ನುಡಿಸುವ ಡ್ರಮ್‌ನವರು ಅದಕ್ಕಿಂತ ಹಿಂದೆ ಎಲ್ಲೋ ಇರುತ್ತಾರೆ. ಮೂವತ್ತು ಮೀಟರ್ ಹಿಂದಿದ್ದಾರೆ ಅಂದುಕೊಳ್ಳಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಅಂದರೆ ಹಿಂದಿನ ಪೆಟ್ಟು ಪಿಟ್‌ಗೆ ಮುಟ್ಟೋಕೆ 0.09 ಸೆಕೆಂಡ್ ಬೇಕು. ಇಷ್ಟೇನಾ ಅನ್ನಬೇಡಿ. ನಿಮಿಷಕ್ಕೆ 180 ಪೆಟ್ಟಿನ ವೇಗದಲ್ಲಿ ಒಂದು ಪೆಟ್ಟಿಗೆ ಸಿಗೋದು 0.33 ಸೆಕೆಂಡ್. ಅದರಲ್ಲಿ ತ-ಕ-ಧಿ-ಮಿ ಹೇಳಿದರೆ ಒಂದಕ್ಷರ ಪೂರ್ತಿ ಜಾರಿಹೋಯಿತು. ಅದಕ್ಕೇ ಪಿಟ್‌ನವರು ಕಂಡಕ್ಟರ್ ಕೈ ನಂಬಿ ನುಡಿಸಲ್ಲ. ಬೆನ್ನ ಹಿಂದಿನ ಡ್ರಮ್ ಕಿವಿಗೆ ಬಿದ್ದ ಗಳಿಗೆಗೆ ಹೊಡೆಯುತ್ತಾರೆ. ಆಗ ಎರಡೂ ಶಬ್ದ ಒಟ್ಟಿಗೆ ಪ್ರೇಕ್ಷಕರ ಕಡೆ ಬರುತ್ತವೆ. ಇದು ಬಯಲಲ್ಲಿ ಚೆನ್ನಾಗಿ ನಡೆಯುತ್ತೆ. ಛಾವಣಿ ಮುಚ್ಚಿದ ದೊಡ್ಡ ಸ್ಟೇಡಿಯಂ ಯಾವುದೇ ಇರಲಿ, ಶಬ್ದ ಎದುರು ಗೋಡೆಗೆ ಹೋಗಿ ಅರ್ಧ ಸೆಕೆಂಡ್ ತಡವಾಗಿ ವಾಪಸ್ ಬರುತ್ತೆ. ಕಹಳೆ ನಿಂತ ಮೇಲೂ ಕಹಳೆ. ಸ್ನೇರ್ ಅನ್ನೋ ಚಿಕ್ಕ ಡ್ರಮ್ಮಿನ ಚುರುಕಾದ ಪೆಟ್ಟುಗಳು ಒಂದರ ಮೇಲೊಂದು ಬಿದ್ದು, ತಗಡಿನ ಮೇಲೆ ಆಲಿಕಲ್ಲು ಸುರಿದ ಹಾಗೆ ಕೇಳುತ್ತವೆ.

ಅದರ ಜೊತೆ ಸ್ಪೀಕರ್ ಬೇರೆ. 2004ರಿಂದ ಮೈಕಿಗೆ, 2009ರಿಂದ ಸಿಂಥಸೈಜರ್‌ಗೆ ಅನುಮತಿ ಇದೆ. ಸಿಂಥ್‌ನ ಕೆಳಸ್ವರ ಹೊಟ್ಟೆಯಲ್ಲಿ ಗುಂಯ್ ಅನ್ನುತ್ತೆ, ಅದರಡಿ ಕೆಳಸ್ವರದ ದೊಡ್ಡ ಕಹಳೆ ಟ್ಯೂಬಾ ಮುಚ್ಚಿಹೋಗುತ್ತೆ. ಹಳೇ ಅಭಿಮಾನಿಗಳು ಇದನ್ನು ಬೈಯೋಕೆ ಒಂದು ನೆಪ ಸಿಕ್ಕರೆ ಬಿಡಲ್ಲ. ನನಗೆ ಸಿಂಥ್ ಮೇಲೆ ದ್ವೇಷವೇನಿಲ್ಲ. ಛಾವಣಿ ಕೆಳಗೆ ಬೇಡ, ಅಷ್ಟೇ.

ಎರಡನೆಯದು ಜಿಮ್, ಅಂದರೆ ಒಳಾಂಗಣ ಕ್ರೀಡಾಂಗಣ. ಇದನ್ನು ಹೋಲಿಕೆಗೆ ಸೇರಿಸಿದ್ದು ಸ್ವಲ್ಪ ಮೋಸವೇ ಅನ್ನಿ, ಯಾಕಂದ್ರೆ ಇಲ್ಲಿ ಕಹಳೆ ಇರಲ್ಲ. ಚಳಿಗಾಲದಲ್ಲಿ ಮೈದಾನ ಹಿಮದಡಿ ಇರುವಾಗ ಡ್ರಮ್‌ನವರು ಸುಮ್ನೆ ಕೂರಲ್ಲ. ಬಾಸ್ಕೆಟ್‌ಬಾಲ್ ಅಂಕಣದ ಮೇಲೆ ದೊಡ್ಡ ಟಾರ್ಪಾಲು ಹಾಸಿ ಅದರ ಮೇಲೆ ಪ್ರದರ್ಶನ ಕೊಡುತ್ತಾರೆ. ಡಬ್ಲ್ಯೂಜಿಐ ಅನ್ನೋ ಸಂಸ್ಥೆ 1977ರಲ್ಲಿ ಬಾವುಟದವರಿಗಾಗಿ ಶುರುವಾಯಿತು, ಆಮೇಲೆ ಡ್ರಮ್ ಸೇರಿತು, 2015ರಿಂದ ಊದುವ ವಾದ್ಯದವರಿಗೂ ಬೇರೆ ವಿಭಾಗ ಇದೆ. ಏಪ್ರಿಲ್‌ನ ಡ್ರಮ್ ಫೈನಲ್ಸ್ ಡೇಟನ್‌ನಲ್ಲಿ, ಸುಮಾರು 13 ಸಾವಿರ ಸೀಟಿನ ಅರೀನಾದಲ್ಲಿ. ನಮ್ಮ ಮನೆಯಿಂದ ಕಾರಲ್ಲಿ ಒಂದೂಕಾಲು ಗಂಟೆ.

ಅಷ್ಟರಲ್ಲಿ ಮೈಸೂರಿನಿಂದ ಅಪ್ಪ ಬಂದಿದ್ದರು. ಅರಮನೆಯ ಇಂಗ್ಲಿಷ್ ಬ್ಯಾಂಡು, ಕರ್ನಾಟಕ ಬ್ಯಾಂಡು ಎರಡನ್ನೂ ಚಿಕ್ಕಂದಿನಿಂದ ಕೇಳಿದವರು. ದಸರಾ ಮುಗಿಯುವ ರಾತ್ರಿ ಬನ್ನಿಮಂಟಪದ ಪಂಜಿನ ಕವಾಯತಿಗೆ ತಪ್ಪದೆ ಹೋಗುತ್ತಿದ್ದವರು. "ಬ್ಯಾಂಡ್ ಅಂದ್ರೆ ನನಗೆ ಹೇಳಿಕೊಡ್ತೀಯಾ?" ಅಂತ ಕಾರು ಹತ್ತಿದರು.

ಜಿಮ್‌ನಲ್ಲಿ ನಾನು ಕಂಡುಕೊಂಡದ್ದು ಬಾಸ್ ಡ್ರಮ್. ಚಿಕ್ಕದರಿಂದ ದೊಡ್ಡದಕ್ಕೆ ಐದು ಡ್ರಮ್, ಐದು ಜನ, ಐದು ಶ್ರುತಿ. ಒಂದೇ ಸಾಲನ್ನು ಐವರೂ ಹಂಚಿಕೊಂಡು ನುಡಿಸುತ್ತಾರೆ. ಒಬ್ಬರಿಗೆ ಒಂದೋ ಎರಡೋ ಪೆಟ್ಟು, ತಕ್ಷಣ ಪಕ್ಕದವರಿಗೆ. ಒಬ್ಬರು ಕೂದಲೆಳೆ ತಡ ಮಾಡಿದರೂ ಹಲ್ಲು ಬಿದ್ದ ಬಾಚಣಿಗೆ ಥರ ಸಾಲಿನ ನಡುವೆ ಸಂದು ಬೀಳುತ್ತೆ. ಡೋಮ್‌ನಲ್ಲಿ ಇದು ಬರೀ ಗುಡುಗು. ಇಲ್ಲಿ ಹದಿನೈದು ಮೀಟರ್ ದೂರದಲ್ಲಿ ಕೂತಿದ್ದೆವು. ಶಬ್ದ ಎಡಗಡೆಯಿಂದ ಬಲಗಡೆಗೆ ಓಡಿಹೋಗೋದು ಕಿವಿಗೆ ಗೊತ್ತಾಗುತ್ತಿತ್ತು. ಅಪ್ಪ ಟೆನಿಸ್ ಪಂದ್ಯ ನೋಡೋರ ಹಾಗೆ ತಲೆ ತಿರುಗಿಸುತ್ತಾ ಕೂತಿದ್ದರು.

ಆದರೆ ಸ್ನೇರ್! ಅದರ ಮುಚ್ಚಿಗೆ ಕೆವ್ಲಾರ್‌ದು, ಗುಂಡು ನಿರೋಧಕ ಜಾಕೆಟ್‌ಗೆ ಬಳಸುವ ಅದೇ ನಾರು. ಬೆಂಕಿಗೆ ಕಾಯಿಸಿ ಬಿಗಿ ಮಾಡಿದ ತಮಟೆಗಿಂತ ಬಿಗಿ. ಅರೀನಾದಲ್ಲಿ ಪರವಾಗಿಲ್ಲ. ಫೆಬ್ರವರಿಯಲ್ಲಿ ಮಗಳ ಜೊತೆ ಒಂದು ಸಣ್ಣ ಶಾಲಾ ಜಿಮ್‌ಗೂ ಹೋಗಿದ್ದೆ. ಇಟ್ಟಿಗೆ ಗೋಡೆ, ಮರದ ನೆಲ, ಕಬ್ಬಿಣದ ಬೆಂಚು. ಎರಡನೇ ತಂಡ ಮುಗಿಯೋ ಹೊತ್ತಿಗೆ ನನ್ನ ಹಲ್ಲು ನೋಯುತ್ತಿತ್ತು. ಕಿವಿಗೆ ಏನೂ ಹಾಕಿಕೊಳ್ಳದೆ ಹೋದದ್ದು ನನ್ನದೇ ದಡ್ಡತನ.

ಇಲ್ಲಿ ಒಂದು ಮಾತು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಹೇಳೋದು, 85 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಸಮಯ ಅರ್ಧ. ಹೀಗೆ ಲೆಕ್ಕ ಹಾಕುತ್ತಾ ಹೋದರೆ 100 ಡೆಸಿಬೆಲ್‌ಗೆ ಉಳಿಯೋದು ಹದಿನೈದೇ ನಿಮಿಷ. ಫೋಮ್‌ನ ಇಯರ್‌ಪ್ಲಗ್ ಅಗ್ಗ, ಆದರೆ ಮೇಲಿನ ಸ್ವರ ಪೂರ್ತಿ ನುಂಗಿಹಾಕುತ್ತೆ. ಕಂಬಳಿ ಹೊದ್ದು ಸಂಗೀತ ಕೇಳಿದ ಹಾಗೆ. ಸಂಗೀತಗಾರರು ಬಳಸುವ ಫಿಲ್ಟರ್ ಇರುವ ಪ್ಲಗ್ ಎಲ್ಲ ಸ್ವರವನ್ನೂ ಹೆಚ್ಚುಕಮ್ಮಿ ಸಮನಾಗಿ ತಗ್ಗಿಸುತ್ತೆ. ನಾನು ಎರಡನ್ನೂ ಹಾಕಿ ನೋಡಿದೆ. ಫೋಮ್‌ನದು ಈಗ ವಿಮಾನದಲ್ಲಿ ನಿದ್ದೆಗೆ ಮಾತ್ರ.

ಇನ್ನು ಸಭಾಂಗಣ. ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ಒಂಬೈನೂರು ಸೀಟಿನ ಶಾಲಾ ಸಭಾಂಗಣ, ಹಳೇ ಸದಸ್ಯರೇ ಕಟ್ಟಿಕೊಂಡ ತಂಡ. ಎಪ್ಪತ್ತು ದಾಟಿದವರೂ ಇದ್ದರು. ಇಂಥ ತಂಡಗಳು ಒಳಾಂಗಣದಲ್ಲಿ ನಿಂತಲ್ಲೇ ನುಡಿಸುತ್ತವೆ. ನಡಿಗೆ ಇಲ್ಲ, ವೇದಿಕೆ ಮೇಲೆ ಅರ್ಧಚಂದ್ರಾಕಾರದಲ್ಲಿ ಸಾಲು. ಮೂರೂ ಕಡೆಯ ಟಿಕೆಟ್‌ಗಳಲ್ಲಿ ಇದೇ ಅಗ್ಗ. ಡೋಮ್‌ನ ಒಂದು ಟಿಕೆಟ್ ದುಡ್ಡಲ್ಲಿ ನಾವು ಮೂವರೂ ಹೋಗಿ ಬಂದು ಪಿಜ್ಜಾನೂ ತಿಂದೆವು.

ಅವರ ಕೈಯಲ್ಲಿದ್ದದ್ದು ಹಳೇ ಜಿ ಶ್ರುತಿಯ ಬ್ಯೂಗಲ್. ಸ್ಪರ್ಧೆಯಲ್ಲಿ 2000ದಿಂದ ಯಾವ ಶ್ರುತಿಯ ಹಿತ್ತಾಳೆ ವಾದ್ಯವಾದರೂ ನಡೆಯುತ್ತೆ ಅಂತಾದ ಮೇಲೆ ಹೆಚ್ಚಿನ ತಂಡಗಳು ಮಾಮೂಲಿ ಬಿ ಫ್ಲ್ಯಾಟ್ ಟ್ರಂಪೆಟ್ ಕಡೆ ಹೋದವು. ಅಮೆರಿಕದ ಮರೀನ್ ಸೈನ್ಯದ ತಂಡವಾದ ವಾಷಿಂಗ್ಟನ್‌ನ ಮರೀನ್ ಡ್ರಮ್ ಅಂಡ್ ಬ್ಯೂಗಲ್ ಕೋರ್, 1934ರಲ್ಲಿ ಶುರುವಾದದ್ದು, ಎರಡು ವಾಲ್ವ್‌ನ (ಸ್ವರ ಬದಲಿಸುವ ಗುಂಡಿ) ಜಿ ಬ್ಯೂಗಲ್ಲನ್ನು ಬಿಟ್ಟಿಲ್ಲ. ಟ್ರಂಪೆಟ್‌ನಷ್ಟು ನಯ ಇದಕ್ಕಿಲ್ಲ, ಶ್ರುತಿ ಹಿಡಿದಿಡೋದೂ ಕಷ್ಟ. ಆದರೆ ಆ ದನಿಗೆ ಒಂದು ಒರಟು ಹೊಳಪಿದೆ. ಚೆನ್ನಾಗಿ ಉಜ್ಜಿದ ಕಂಚಿನ ತಂಬಿಗೆ ಥರ.

ಇಲ್ಲೂ ನಾನು ಮಾಡಿದ್ದು ಅದೇ ತಪ್ಪು, ಮೂರನೇ ಸಾಲು. ಮೊದಲ ಸ್ವರಮೇಳಕ್ಕೇ ಮುಖಕ್ಕೆ ಗಾಳಿ ಬಡಿದ ಹಾಗಾಯಿತು. ಅಪ್ಪ ತಣ್ಣಗೆ ಹಿಯರಿಂಗ್ ಏಡ್ ಎರಡನ್ನೂ ಕಿತ್ತು ಜೇಬಿಗೆ ಹಾಕಿಕೊಂಡರು. "ಈಗ ಸರಿಯಾಗಿ ಕೇಳಿಸ್ತಿದೆ ನೋಡು" ಅಂದರು. ಮೂರನೇ ಸಾಲಿಂದ ಸಿಕ್ಕ ಲಾಭ ಅಂದರೆ ಹತ್ತಿರದ ನೋಟ. ಕಾಂಟ್ರಾ ಅಂತಾರಲ್ಲ, ಹೆಗಲ ಮೇಲೆ ಹೊರುವ ದೊಡ್ಡ ಟ್ಯೂಬಾ, ಅದನ್ನು ಹೊತ್ತ ಅಜ್ಜ ಒಬ್ಬರು ಹೆಗಲಿಗೆ ಟವೆಲ್ ಮಡಿಸಿ ಇಟ್ಟುಕೊಂಡಿದ್ದರು, ಉತ್ಸವಮೂರ್ತಿ ಹೊರುವವರ ಹಾಗೆ. ಪ್ರತಿ ಹಾಡು ಮುಗಿದಾಗಲೂ ವಾದ್ಯ ಕೆಳಗಿಳಿಸಿ, ವಾಲ್ವ್ ಒತ್ತಿ, ನೀರು ಸುರಿಸಿ, ಆ ಟವೆಲ್ಲಿನಿಂದಲೇ ಮೊದಲು ವಾದ್ಯ, ಆಮೇಲೆ ತಮ್ಮ ಮುಖ ಒರೆಸಿಕೊಳ್ಳುತ್ತಿದ್ದರು.

ವಿರಾಮದಲ್ಲಿ ಬಾಲ್ಕನಿಗೆ ಹೋದೆವು, ನಟ್ಟ ನಡುವೆ. ಅದೇ ತಂಡ, ಅದೇ ಕಟ್ಟಡ, ಸಂಗೀತ ಮಾತ್ರ ಬೇರೆ. ಕೆಳಗೆ ಒಂದೊಂದು ಕಹಳೆ ಒಂದೊಂದು ಕಡೆಯಿಂದ ಚುಚ್ಚುತ್ತಿತ್ತು. ಮೇಲೆ ಬರೋ ಹೊತ್ತಿಗೆ ಎಲ್ಲ ಸೇರಿ ಹದವಾಗಿ ಬರುತ್ತಿತ್ತು. ಎರಡನೇ ಭಾಗದಲ್ಲಿ ಡ್ರಮ್ ಇಲ್ಲದೆ, ನಲವತ್ತು ಕಹಳೆಗಳು ಮೆಲ್ಲಗೆ, ತೀರಾ ಮೆಲ್ಲಗೆ ಒಂದು ಪ್ರಾರ್ಥನೆಯಂಥ ಧಾಟಿ ನುಡಿಸಿದವು. ಡೋಮ್‌ನಲ್ಲಿ ಇಷ್ಟು ಮೆಲುದನಿ ಪಾಪ್‌ಕಾರ್ನ್ ಅಗಿಯೋ ಸದ್ದಲ್ಲೇ ಕಳೆದುಹೋಗುತ್ತೆ. ಇಲ್ಲಿ ಕಂಡಕ್ಟರ್ ಮುಷ್ಟಿ ಮುಚ್ಚಿದ ಮೇಲೂ ಸ್ವರ ಒಂದು ಸೆಕೆಂಡ್ ಛಾವಣಿಯಲ್ಲಿ ನಿಂತಿತ್ತು. ಡೋಮ್‌ನಲ್ಲಿ ಕಾಟ ಕೊಟ್ಟದ್ದೂ ಇದೇ ಪ್ರತಿಧ್ವನಿಯೇ ಅಲ್ವಾ? ದೂರ ಕಡಿಮೆಯಾದಾಗ ಅದು ಬೇರೆ ಸದ್ದಾಗಿ ಕೇಳದೆ ಸ್ವರಕ್ಕೇ ಬಾಲವಾಗುತ್ತೆ. ಅಪ್ಪ ಏಡ್ ಮತ್ತೆ ಹಾಕಿಕೊಂಡಿದ್ದರು. ಕಣ್ಣು ಮುಚ್ಚಿದ್ದರು. ನಿದ್ದೆ ಅಂದುಕೊಂಡೆ. ಬೆರಳು ತೊಡೆ ಮೇಲೆ ತಾಳ ಹಾಕುತ್ತಿತ್ತು.

ಸಭಾಂಗಣಕ್ಕೆ ಪೂರ್ತಿ ಅಂಕ ಕೊಡೋಕೂ ಆಗಲ್ಲ. ಬಾವುಟದವರು ನಾಲ್ಕೇ ಜನ, ಅವರಿಗೂ ಜಾಗ ಸಾಲದು. ಮರದ ಕೋವಿ ಮೇಲಕ್ಕೆ ಎಸೆದು ಹಿಡಿಯುವ ಹುಡುಗಿ ಪ್ರತಿ ಸಲವೂ ಮೊದಲು ಲೈಟ್ ಎಲ್ಲಿದೆ ಅಂತ ನೋಡಿಕೊಂಡೇ ಎಸೆಯುತ್ತಿದ್ದಳು. ನಡಿಗೆ ಇಲ್ಲದ ಡ್ರಮ್ ಕೋರ್ ಅಂದರೆ ಕುಣಿತ ಇಲ್ಲದ ಡೊಳ್ಳು. ಕೇಳೋಕೆ ಚೆಂದ, ಆದರೂ ಏನೋ ಬಾಕಿ.

ಮನೆಗೆ ಬರುವಾಗ ಕಾರಲ್ಲಿ ಜಗಳ. ಮಗಳದು ಡೋಮ್ ಪಕ್ಷ. "ಅಮ್ಮ, ಅಷ್ಟು ಜನ ಒಟ್ಟಿಗೆ ಎದ್ದು ನಿಲ್ಲೋದು ಬೇರೆ ಎಲ್ಲಿ ಸಿಗುತ್ತೆ?" ಅಪ್ಪ ಜಿಮ್ ಪಕ್ಷ, ಆ ಐದು ಬಾಸ್ ಡ್ರಮ್ ಅವರನ್ನು ಬಿಟ್ಟಿರಲಿಲ್ಲ. "ಬನ್ನಿಮಂಟಪದಲ್ಲಿ ಇಷ್ಟು ಹತ್ತಿರ ಯಾರು ಬಿಡ್ತಾರಮ್ಮ?" ನಾನು ಬಾಲ್ಕನಿ ಪಕ್ಷ. ಒಂದೇ ಸಲ ಹೋಗೋಕಾಗುತ್ತೆ, ಕೇಳೋದೇ ಮುಖ್ಯ ಅನ್ನುವವರಿಗೆ ನಾನು ಹೇಳೋದು ಸಭಾಂಗಣದ ಬಾಲ್ಕನಿ. ಚಿಕ್ಕ ಮಕ್ಕಳಿದ್ದರೆ ಡೋಮ್‌ನ ಮೇಲಿನ ಮಹಡಿ, ಅವರಿಗೆ ಬಣ್ಣವೇ ಸಾಕು. ಮೃದಂಗ, ತಬಲಾ ಕಲಿತವರು ನೇರ ಡೇಟನ್‌ಗೆ ಹೋಗಿ. ಯಾವುದೇ ಕಡೆ ಮುಂದಿನ ಮೂರು ಸಾಲು ಮಾತ್ರ ಬೇಡ.

ಫೋನಲ್ಲಿ ನೋಡೋದನ್ನು ನಾನು ಲೆಕ್ಕಕ್ಕೇ ತಗೊಂಡಿಲ್ಲ. ಗಟ್ಟಿಮೇಳವನ್ನು ವಾಟ್ಸಾಪ್ ವಿಡಿಯೋದಲ್ಲಿ ಕೇಳಿದ ಹಾಗೆ ಅದು.

ಛಾವಣಿ ಇಲ್ಲದ ಒಂದು ಜಾಗವನ್ನೂ ಹೇಳಲೇಬೇಕು. ಸ್ಪರ್ಧೆಗೆ ಮುಂಚೆ ತಂಡಗಳು ಪಾರ್ಕಿಂಗ್ ಜಾಗದಲ್ಲಿ ವಾರ್ಮಪ್ ಮಾಡುತ್ತವೆ. ಅದನ್ನು ಲಾಟ್ ಅಂತಾರೆ. ಟಿಕೆಟ್ ಬೇಡ. ಇಂಡಿಯಾನಾಪೊಲಿಸ್‌ನಲ್ಲಿ ಸೆಖೆಗೆ ಡಾಂಬರು ಮೆತ್ತಗಾಗಿತ್ತು, ಸ್ನೇರ್‌ನವರು ಕಪ್ಪು ಕನ್ನಡಕ ಹಾಕಿಕೊಂಡು ವೃತ್ತವಾಗಿ ನಿಂತು ಒಂದೇ ಪಾಠವನ್ನು ಇಪ್ಪತ್ತು ಸಲ ಹೊಡೆದರು. ಗೋಡೆ ಇಲ್ಲ, ಪ್ರತಿಧ್ವನಿ ಇಲ್ಲ, ಒಂದೊಂದು ಪೆಟ್ಟೂ ಬಿಡಿಸಿಟ್ಟ ಹಾಗಿತ್ತು. ಮುಂದಿನ ಆಗಸ್ಟ್‌ಗೆ ಮೇಲಿನ ಮಹಡಿಯ ಟಿಕೆಟ್ ತೆಗೆದಾಗಿದೆ. ಮಗಳು ಆಗಲೇ ಷರತ್ತು ಹಾಕಿದ್ದಾಳೆ, ಬಾಗಿಲು ತೆಗೆಯೋಕೆ ಮೂರು ಗಂಟೆ ಮುಂಚೆ ಲಾಟ್‌ನಲ್ಲಿರಬೇಕಂತೆ. ಟೋಪಿ, ನೀರಿನ ಬಾಟಲಿ, ಚಿತ್ರಾನ್ನದ ಡಬ್ಬಿ ನನ್ನ ಜವಾಬ್ದಾರಿ.