ಸಿಸ್ಟಮ್‌ರೆಸ್ಕ್ಯೂ: ಬೂಟ್ ಆಗದ ಲಿನಕ್ಸ್‌ಗೆ ಒಂದು ಪೆನ್‌ಡ್ರೈವ್

ಮನೆಯ ಅಲ್ಮಾಲಿನಕ್ಸ್ (ಲಿನಕ್ಸ್‌ನ ಒಂದು ಬಗೆ) ಸರ್ವರ್‌ನಲ್ಲಿ ಸೆಲಿನಕ್ಸ್ (ಯಾವ ಪ್ರೋಗ್ರಾಮ್ ಏನನ್ನು ಮುಟ್ಟಬಹುದೆಂದು ನಿಯಂತ್ರಿಸುವ ಭದ್ರತಾ ವ್ಯವಸ್ಥೆ) ನಿಲ್ಲಿಸಲು ಹೊರಟ ನಾನು, ಕಾನ್ಫಿಗ್ ಕಡತದ 'ಸೆಲಿನಕ್ಸ್' ಸಾಲಿನ ಬದಲು ಕೆಳಗಿನ 'ಸೆಲಿನಕ್ಸ್‌ಟೈಪ್' ಸಾಲಿಗೆ 'ಡಿಸೇಬಲ್ಡ್' ಎಂದು ಬರೆದಿದ್ದರಿಂದ, ಆ ಹೆಸರಿನ ಪಾಲಿಸಿ (ನಿಯಮಗಳ ಕಟ್ಟು) ಸಿಗದೆ ಯಂತ್ರವು ಬೂಟ್‌ನ ಆರಂಭದಲ್ಲೇ ನಿಂತುಬಿಟ್ಟಿತು. ಬೂಟ್ ಆರಂಭಿಸುವ ಗ್ರಬ್‌ನ ಮೆನುವಿನಲ್ಲಿ, ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಸೂಚನೆ ಕೊಡುವ ಸಾಲಿಗೆ 'ಸೆಲಿನಕ್ಸ್=0' ಸೇರಿಸಿದ್ದರೆ ಸಾಕಿತ್ತು; ಆದರೆ ಭದ್ರತೆಗೆಂದು ನಾನೇ ಹಾಕಿದ್ದ ಗ್ರಬ್ ಪಾಸ್‌ವರ್ಡ್ ನನಗೇ ಮರೆತುಹೋಗಿತ್ತು.

ಆಗ ಕೈಹಿಡಿದದ್ದು ಸಿಸ್ಟಮ್‌ರೆಸ್ಕ್ಯೂ. ಉಚಿತವಾಗಿ ದೊರೆಯುವ, 2019ರಿಂದ ಆರ್ಚ್ ಲಿನಕ್ಸನ್ನು ಆಧರಿಸಿರುವ ಇದು ಪೆನ್‌ಡ್ರೈವ್‌ನಿಂದ ಬೂಟ್ ಆಗಿ ಯಾವ ಪ್ರಶ್ನೆಯನ್ನೂ ಕೇಳದೆ ನೇರವಾಗಿ ರೂಟ್ ಶೆಲ್ (ಪೂರ್ಣ ಅಧಿಕಾರವಿರುವ ಕಮಾಂಡ್ ಲೈನ್) ಕೊಡುತ್ತದೆ. ಡಿಸ್ಕ್ ವಿಭಾಗಗಳನ್ನು ನಿರ್ವಹಿಸುವ ಎಲ್‌ವಿಎಂ, ಕಡತಗಳನ್ನು ಜೋಡಿಸಿಡುವ ಎಕ್ಸ್‌ಎಫ್‌ಎಸ್‌ಗಳಿಗೆ ಬೇಕಾದ ಸಲಕರಣೆಗಳು ಒಳಗೇ ಇರುವುದರಿಂದ, ಸರ್ವರ್‌ನ ರೂಟ್ (ಮುಖ್ಯ) ವಿಭಾಗವನ್ನು ಮೌಂಟ್ ಮಾಡಿ, ಅಂದರೆ ತೆರೆದು, ಆ ಸಾಲನ್ನು ಮೊದಲಿನ ಪಾಲಿಸಿಯಾದ 'ಟಾರ್ಗೆಟೆಡ್' ಎಂದು ತಿದ್ದುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಹೊರಗಿನಿಂದ ತಿದ್ದಿದ ಕಡತವು ತನ್ನ ಸೆಲಿನಕ್ಸ್ ಲೇಬಲನ್ನು (ಅನುಮತಿ ನಿರ್ಧರಿಸುವ ಗುರುತನ್ನು) ಕಳೆದುಕೊಳ್ಳಬಹುದು. ಹಾಗಾಗಿ ಮೊದಲ ಬೂಟ್‌ಗೆ 'ಸೆಲಿನಕ್ಸ್' ಸಾಲಿನಲ್ಲಿ 'ಪರ್ಮಿಸಿವ್' (ತಡೆಯದೆ ದಾಖಲಿಸುವ ಸ್ಥಿತಿ) ಇಟ್ಟು, ಎಲ್ಲ ಕಡತಗಳಿಗೂ ಮತ್ತೆ ಲೇಬಲ್ ಹಚ್ಚಿಸಲು ರೂಟ್‌ನಲ್ಲಿ ಚುಕ್ಕೆಯಿಂದ ಆರಂಭವಾಗುವ 'ಆಟೋರಿಲೇಬಲ್' ಎಂಬ ಖಾಲಿ ಕಡತವನ್ನೂ ಸೃಷ್ಟಿಸಿದೆ. ಮರುಲೇಬಲ್ ಮುಗಿಯುವವರೆಗೆ ಕಾಫಿ ಕುಡಿದು ಬರಬಹುದು, ಪವರ್ ಮಾತ್ರ ತೆಗೆಯಬಾರದು.

ಕಮಾಂಡ್ ಲೈನ್ ಬಾರದವರಿಗೆ ಇದು ಒರಟೆನಿಸೀತು. 'ಸ್ಟಾರ್ಟ್‌ಎಕ್ಸ್' ಎಂದರೆ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಬರುತ್ತದಾದರೂ, ದುರಸ್ತಿಯ ಬಹುಪಾಲು ಕೆಲಸ ಟರ್ಮಿನಲ್‌ನಲ್ಲೇ. ಎನ್‌ಕ್ರಿಪ್ಟ್ ಆದ ಡಿಸ್ಕ್ ಇದ್ದವರು ಅದರ ಪಾಸ್‌ಫ್ರೇಸ್ ಮರೆತಿದ್ದರೆ ಇದರಿಂದಲೂ ಉಪಯೋಗವಿಲ್ಲ. ನನ್ನ ಡಿಸ್ಕ್ ಎನ್‌ಕ್ರಿಪ್ಟ್ ಆಗಿರಲಿಲ್ಲ. ಪೆನ್‌ಡ್ರೈವ್ ಹಿಡಿದು ಬಂದ ಯಾರಾದರೂ ನನ್ನಷ್ಟೇ ಸಲೀಸಾಗಿ ಒಳಹೋಗಬಹುದಿತ್ತೆಂದು ಹೊಳೆದದ್ದು ಆಮೇಲೆ.