ಬಾಟಲಿ ಮೇಲೆ ‘ಮನುಷ್ಯರಿಗಲ್ಲ’ ಅಂತಲೇ ಬರೆದಿತ್ತು

ಜಿಮ್‌ಗೆ ಹೋಗುವವರು ದಯವಿಟ್ಟು ಓದಿ. ಸ್ನಾಯು ಬೆಳೆಸುತ್ತೆ ಅಂತ ಮಾರುವ, ಗಂಡು ಹಾರ್ಮೋನಿನಂತೆ ಕೆಲಸ ಮಾಡುವ ‘ಸಾರ್ಮ್ಸ್’ ಅನ್ನೋ ರಾಸಾಯನಿಕದ ಬಾಟಲಿ ಯಾರಾದರೂ ಕೈಗಿಟ್ಟರೆ ತಗೊಳ್ಳಬೇಡಿ. ನಾನು ತಗೊಂಡೆ, ಏಳು ವಾರ.

ನಂದು ಆರ್‌ಎಡಿ-140 ಅನ್ನೋ ಸಾರ್ಮ್. ಪುಟ್ಟ ಡ್ರಾಪರ್ ಬಾಟಲಿ, ವಿಪರೀತ ಕಹಿ. ಲೇಬಲ್ ಮೇಲೆ ಇಂಗ್ಲಿಷಿನಲ್ಲಿ ‘ಸಂಶೋಧನೆಗೆ ಮಾತ್ರ, ಮನುಷ್ಯರ ಸೇವನೆಗಲ್ಲ’ ಅಂತ ಇತ್ತು. ಕೇಳಿದ್ದಕ್ಕೆ ಟ್ರೇನರ್ ನಕ್ಕ. “ಅದು ಕಾನೂನಿಗೆ ಹಾಕೋದು ಬಾಸ್. ಸ್ಟೆರಾಯ್ಡ್ ಅಲ್ಲ ಇದು. ಕೋತಿಗಳಿಗೆ ಕೊಟ್ಟು ನೋಡಿದ್ದಾರೆ, ಏನೂ ಆಗಿಲ್ಲ.”

ಇಲಿ, ಕೋತಿಗಳ ಮೇಲೆ ನೋಡಿದ್ದು ನಿಜವೇ. ಮನುಷ್ಯರ ಲೆಕ್ಕಕ್ಕೆ ಬಂದರೆ, ಸ್ತನ ಕ್ಯಾನ್ಸರ್ ಇದ್ದ ಕೆಲವೇ ರೋಗಿಗಳ ಮೇಲೆ ಒಂದು ಸಣ್ಣ ಮೊದಲ ಹಂತದ ಪ್ರಯೋಗ ಆಗಿದೆ. ಅದರಲ್ಲೂ ಹಲವರ ಲಿವರ್ ಎಂಜೈಮ್ ಏರಿತ್ತು. ತೋಳು ದಪ್ಪ ಆಗಲಿ ಅಂತ ಗಟ್ಟಿಮುಟ್ಟಾದ ಹುಡುಗರು ಎಷ್ಟು ಹನಿ, ಎಷ್ಟು ದಿನ ಕುಡಿಯಬಹುದು ಅಂತ ಯಾರೂ ಪರೀಕ್ಷೆ ಮಾಡಿ ಹೇಳಿಲ್ಲ. ನನ್ನ ಡೋಸ್ ಬಂದದ್ದು ವಾಟ್ಸಾಪ್‌ನಲ್ಲಿ.

ಕೋತಿ ಮಾತು ಬಂತಲ್ವಾ, 2006ರಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಅನ್ನೋ ಬೇರೆಯದೇ ಔಷಧಿಯನ್ನು ಮೊದಲ ಸಲ 6 ಜನರಿಗೆ ಕೊಟ್ಟರು. ಕೋತಿಗಳು ತಡೆದುಕೊಂಡಿದ್ದ ಪ್ರಮಾಣದ 500ರಲ್ಲಿ ಒಂದು ಪಾಲು ಅಷ್ಟೇ. ಕೆಲವೇ ಗಂಟೆಗಳಲ್ಲಿ ಆರೂ ಜನರ ಸ್ಥಿತಿ ಕೆಟ್ಟು ಐಸಿಯು ಸೇರಿದರು. ಆಸ್ಪತ್ರೆ ಪಕ್ಕದಲ್ಲೇ ಇದ್ದಿದ್ದರಿಂದ ಬದುಕಿದರು. ನಾನು ಕುಡೀತಿದ್ದದ್ದು ಪಿಜಿ ರೂಮಲ್ಲಿ, ಒಬ್ಬನೇ.

ಐದನೇ ವಾರದವರೆಗೂ ನಾನೇ ರಾಜ. ಬೆಂಚ್ ಪ್ರೆಸ್ 10 ಕೆಜಿ ಜಾಸ್ತಿ ಆಯ್ತು. ಆಮೇಲೆ ಅಂಗೈ, ಅಂಗಾಲು ಕಡಿತ ಶುರು. ರಾತ್ರಿಯೆಲ್ಲ ಕೆರೆತ. ತಿಗಣೆ ಇರಬೇಕು ಅಂತ ಹಾಸಿಗೆ ಬಿಸಿಲಿಗೆ ಹಾಕಿದೆ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೂ ನೀರು ಕಡಿಮೆ ಕುಡೀತಿದ್ದೀನಿ ಅಂದುಕೊಂಡೆ. ತುಮಕೂರಿಗೆ ಹೋದಾಗ ಅಮ್ಮ ಅಂಗಳದ ಬೆಳಕಲ್ಲಿ ನೋಡಿ, “ಏನೋ ಇದು, ಕಣ್ಣು ಇಷ್ಟು ಹಳದಿ?” ಅಂದಳು.

ರಕ್ತ ಪರೀಕ್ಷೆಯಲ್ಲಿ ಬಿಲಿರುಬಿನ್, ಅಂದರೆ ಕಾಮಾಲೆಯಲ್ಲಿ ಏರುವ ಹಳದಿ ಅಂಶ, 14. ಅದು ಒಂದರ ಆಸುಪಾಸು ಇರಬೇಕು.

ಡಾಕ್ಟರ್ ಮೊದಲು ಕೇಳಿದ್ದೇ “ನಾಟಿ ಔಷಧಿ ಏನಾದರೂ ತಗೊಂಡ್ರಾ?” ಅಮ್ಮ ಪಕ್ಕದಲ್ಲೇ ಕೂತಿದ್ದಳು. ಬರೀ ಪ್ರೋಟೀನ್ ಪೌಡರ್ ಅಂದುಬಿಟ್ಟೆ. ಆ ಸುಳ್ಳಿಗೆ ಎರಡು ದಿನ ಹೋಯ್ತು. ಹೆಪಟೈಟಿಸ್ ಟೆಸ್ಟು, ಸ್ಕ್ಯಾನು, ಎಲ್ಲವೂ ಸರಿಯಾಗೇ ಬರ್ತಿತ್ತು. ಮೂರನೇ ದಿನ ಅಮ್ಮ ತಿಂಡಿಗೆ ಹೋದಾಗ ಬಾಯಿಬಿಟ್ಟೆ. ಡಾಕ್ಟರ್ ಬೈಯಲಿಲ್ಲ. ಹೆಸರನ್ನು ಒಂದೊಂದೇ ಅಕ್ಷರ ಹೇಳಿಸಿಕೊಂಡು ಫೋನಿನಲ್ಲಿ ಹುಡುಕಿದರು. “ಇದಕ್ಕೆ ಅಂತ ಮದ್ದಿಲ್ಲಪ್ಪ. ನಿಲ್ಲಿಸಿ ಕಾಯಬೇಕು. ಎಷ್ಟು ದಿನ ಅಂತ ನನ್ನ ಕೇಳಬೇಡ” ಅಂದರು. ಕಾಮಾಲೆಗಿಂತ ಆ ಮಾತಿಗೇ ನಾನು ಹೆದರಿದ್ದು.

ಬಾಟಲಿಯಲ್ಲಿ ನಿಜವಾಗಿ ಏನಿತ್ತು ಅನ್ನೋದೂ ಗೊತ್ತಿಲ್ಲ. ಸಾರ್ಮ್ಸ್ ಅಂತ ಆನ್‌ಲೈನ್‌ನಲ್ಲಿ ಮಾರುವ 44 ಸರಕುಗಳನ್ನು ಪರೀಕ್ಷಿಸಿದ ಒಂದು ಅಧ್ಯಯನ 2017ರಲ್ಲಿ ಬಂತು. ಸುಮಾರು ಅರ್ಧದಷ್ಟರಲ್ಲಿ ಮಾತ್ರ ಸಾರ್ಮ್ಸ್ ಇತ್ತು. ಅದೇ ವರ್ಷ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇವುಗಳಿಂದ ಲಿವರ್ ಹಾಳಾಗುತ್ತೆ, ಹೃದಯಾಘಾತ, ಪಾರ್ಶ್ವವಾಯು ಬರಬಹುದು ಅಂತ ಎಚ್ಚರಿಸಿತ್ತು. ಇದನ್ನೆಲ್ಲ ನಾನು ಓದಿದ್ದು ಆಸ್ಪತ್ರೆ ಮಂಚದ ಮೇಲೆ.

ಕಡಿತ ಹತ್ತು ವಾರ ಕಾಡಿತು. ಅಕ್ಕನ ಮದುವೆ ಫೋಟೋದಲ್ಲಿ ಅರಿಶಿನ ಹಚ್ಚಿಕೊಂಡ ಅವಳಿಗಿಂತ ನಾನೇ ಹಳದಿ.

ಈಗಾಗಲೇ ಕುಡೀತಿದ್ದರೆ ಇವತ್ತೇ ನಿಲ್ಲಿಸಿ, ಎಲ್‌ಎಫ್‌ಟಿ (ಲಿವರ್ ಹೇಗಿದೆ ಅಂತ ನೋಡುವ ರಕ್ತ ಪರೀಕ್ಷೆ) ಮಾಡಿಸಿ. ಡಾಕ್ಟರ್ ಹತ್ತಿರ ಬಾಟಲಿ ಸಮೇತ ಹೋಗಿ. ಮನೆಯವರ ಮುಂದೆ ನಾಚಿಕೆಯಾದರೆ ಅವರನ್ನು ಹೊರಗೆ ಕೂರಿಸಿ, ಆದರೆ ನಿಜ ಹೇಳಿ.

ಡಿಸ್ಚಾರ್ಜ್ ಆದ ಮೇಲೆ ಟ್ರೇನರ್‌ಗೆ ರಿಪೋರ್ಟ್ ಕಳಿಸಿದ್ದೆ. ಉತ್ತರ ಬಂತು: “ನೀವು ಲಿವರ್ ಸಪೋರ್ಟ್ ತಗೊಂಡಿಲ್ಲ ಅಲ್ವಾ ಬಾಸ್, ಅದಕ್ಕೇ. ನನ್ನ ಹತ್ರ ಇದೆ, ಬೇಕಾ?”